ಭರಣಿಯೊಳಗಿನ ಮೋಡ: ಆಕಾಶದಲ್ಲಿ ಮಂಜುಗಡ್ಡೆಯ ತಟ್ಟೆ ಎಲ್ಲಿದೆ?

ಪ್ರಶ್ನೆ
ವಿಜ್ಞಾನ ಶಿಕ್ಷಕಿ, ಚಳ್ಳಕೆರೆ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನಾನು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ ಆರು ಮತ್ತು ಏಳನೇ ತರಗತಿಗಳಿಗೆ ವಿಜ್ಞಾನ ಕಲಿಸುತ್ತೇನೆ. ಜಲಚಕ್ರದ ಪಾಠದ ಜೊತೆಗೆ ಕಳೆದ ವಾರ ಎರಡೂ ತರಗತಿಗಳಲ್ಲಿ ಮೋಡ ಉಂಟಾಗುವ ಪ್ರಯೋಗವನ್ನು ಮಾಡಿ ತೋರಿಸಿದೆ. ಅಗಲ ಬಾಯಿಯ ಗಾಜಿನ ಭರಣಿಗೆ ಮೂರನೇ ಒಂದು ಭಾಗದಷ್ಟು ಬಿಸಿನೀರು ಸುರಿದು, ಬಾಯಿಯ ಮೇಲೆ ಸ್ಟೀಲ್ ತಟ್ಟೆಯಿಟ್ಟು, ತಟ್ಟೆಯ ತುಂಬ ಮಂಜುಗಡ್ಡೆಯ ಚೂರುಗಳನ್ನು ಹಾಕಿ, ಒಂದೆರಡು ನಿಮಿಷದ ಬಳಿಕ ತಟ್ಟೆಯನ್ನು ತುಸು ಸರಿಸಿ ಊದುಬತ್ತಿಯ ಹೊಗೆಯನ್ನು ಒಳಗೆ ಬಿಟ್ಟು ಮುಚ್ಚುವ, ಇಲ್ಲಿರುವ ಬಹುತೇಕ ಶಿಕ್ಷಕರಿಗೆ ತಿಳಿದಿರುವ ಪ್ರಯೋಗವೇ ಅದು.

ಆರನೇ ತರಗತಿಯಲ್ಲಿ ತಟ್ಟೆಯ ಕೆಳಗೆ ಬಿಳಿಯ ಮೋಡ ಸುತ್ತುತ್ತಿರುವುದು ಚೆನ್ನಾಗಿ ಕಂಡಿತು. ಏಳನೇ ತರಗತಿಯಲ್ಲಿ ಅದೇ ಭರಣಿ, ಅದೇ ತಟ್ಟೆ ಇದ್ದರೂ ಗಾಜಿನ ಒಳಮೈಯೆಲ್ಲ ಮಬ್ಬಾಗಿ ಏನೂ ಕಾಣಲಿಲ್ಲ. ಕೊನೆಗೆ ತಟ್ಟೆಯ ತಳದಲ್ಲಿ ಹನಿಗಳು ಮಾತ್ರ ಉಳಿದವು. ಆ ಹನಿಗಳನ್ನು ನೋಡಿದ ಒಬ್ಬ ಹುಡುಗ, ತಟ್ಟೆಯಲ್ಲಿ ಕರಗಿದ ಮಂಜುಗಡ್ಡೆಯ ನೀರೇ ಕೆಳಗೆ ಜಿನುಗಿದೆ ಎಂದು ಹೇಳಿದ. ಮೋಡವನ್ನು ಕಂಡ ಆರನೇ ತರಗತಿಯ ಮಕ್ಕಳಲ್ಲಿ ಕೆಲವರು, ಅದು ಮೋಡವಲ್ಲ, ನೀವು ಬಿಟ್ಟ ಊದುಬತ್ತಿಯ ಹೊಗೆಯೇ ಎಂದು ವಾದಿಸಿದರು. ಇಬ್ಬರ ಮಾತನ್ನೂ ಸುಳ್ಳೆಂದು ತೋರಿಸುವ ದಾರಿ ಆ ಹೊತ್ತಿಗೆ ನನಗೆ ಹೊಳೆಯಲಿಲ್ಲ.

ಆದರೆ ನನ್ನನ್ನು ನಿಜವಾಗಿ ನಿಲ್ಲಿಸಿದ್ದು ಕೊನೆಯ ಸಾಲಿನ ಹುಡುಗಿಯೊಬ್ಬಳ ಪ್ರಶ್ನೆ. "ಟೀಚರ್, ಇಲ್ಲಿ ನೀವು ಐಸಿನ ತಟ್ಟೆ ಇಟ್ಟಿರಿ, ಆಕಾಶದಲ್ಲಿ ಯಾರು ಇಡುತ್ತಾರೆ?" ಎಂದು ಕೇಳಿದಳು. ಮೇಲೆ ಹೋದಂತೆ ತಂಪು ಹೆಚ್ಚಾಗುತ್ತದೆ ಎಂದೆ. "ಮೇಲೆ ಹೋದರೆ ಸೂರ್ಯ ಹತ್ತಿರವಾಗುತ್ತಾನಲ್ಲ, ಬಿಸಿ ಹೆಚ್ಚಾಗಬೇಕಲ್ಲವೇ?" ಎಂದಳು. ಮುಂದಿನ ವಾರ ಸರಿಯಾಗಿ ತಿಳಿದುಕೊಂಡು ಹೇಳುತ್ತೇನೆಂದು ಮಾತು ಕೊಟ್ಟು ಬಂದಿದ್ದೇನೆ. ಹನ್ನೆರಡು ವರ್ಷದ ಮಕ್ಕಳಿಗೆ ಅರ್ಥವಾಗುವ, ಸಾಧ್ಯವಾದರೆ ಕೈಯಿಂದ ಮಾಡಿ ತೋರಿಸಬಹುದಾದ ಉತ್ತರವನ್ನು ದಯವಿಟ್ಟು ತಿಳಿಸಿ.

ಉತ್ತರ 1
ಪ್ರೌಢಶಾಲಾ ಶಿಕ್ಷಕ, ಹಾಸನ ಜಿಲ್ಲೆ

ಮೇಡಂ, ಆ ಹುಡುಗಿಯ ಪ್ರಶ್ನೆಗೆ ನನಗಿಂತ ಚೆನ್ನಾಗಿ ಬಲ್ಲವರು ಉತ್ತರಿಸಲಿ. ಉಳಿದ ಎರಡರ ವಿಷಯದಲ್ಲಿ ನಾನು ಹಲವು ವರ್ಷ ಮಾಡಿ ನೋಡಿದ್ದನ್ನು ಹೇಳುತ್ತೇನೆ.

ಎರಡನೆಯ ಬಾರಿ ಮೋಡ ಕಾಣದಿರಲು ಭರಣಿಯ ಗೋಡೆ ತಣ್ಣಗಿದ್ದದ್ದೇ ಕಾರಣವಿರಬಹುದು. ತಣ್ಣನೆಯ ಗಾಜಿಗೆ ತಾಕಿದ ಆವಿ ಅಲ್ಲಿಯೇ ಹನಿಗಟ್ಟಿ ಮಬ್ಬು ಕವಿಯುತ್ತದೆ. ಒಳಗೆ ಮೋಡವಿದ್ದರೂ ಹೊರಗಿನಿಂದ ಕಾಣುವುದಿಲ್ಲ. ಆದ್ದರಿಂದ ಮೊದಲು ಸ್ವಲ್ಪ ಬಿಸಿನೀರು ಹಾಕಿ, ಭರಣಿಯನ್ನು ಓರೆಮಾಡಿ ತಿರುಗಿಸುತ್ತ ನೀರು ಬಾಯಿಯವರೆಗೂ ಒಳಮೈಯನ್ನೆಲ್ಲ ತಾಕುವಂತೆ ಮಾಡಿ ಚೆಲ್ಲಿಬಿಡಿ. ಆಮೇಲೆ ಹೊಸದಾಗಿ ಬಿಸಿನೀರು ಸುರಿಯಿರಿ. ನೀರು ಕುದಿಯುತ್ತಿರಬೇಕಾಗಿಲ್ಲ, 60ರಿಂದ 70 ಡಿಗ್ರಿ ಸೆಲ್ಸಿಯಸ್ ಸಾಕು. ಕುದಿನೀರು ಸುರಿದರೆ ದಪ್ಪ ಗಾಜಿನ ಭರಣಿ ಸೀಳುವ ಅಪಾಯವಿದೆ. ಮಂಜುಗಡ್ಡೆಯ ಮೇಲೆ ಒಂದು ಹಿಡಿ ಕಲ್ಲುಪ್ಪು ಉದುರಿಸಿದರೆ ತಟ್ಟೆ ಸೊನ್ನೆ ಡಿಗ್ರಿಗಿಂತಲೂ ಕೆಳಗೆ ತಣಿಯುತ್ತದೆ. ಭರಣಿಯ ಹಿಂದೆ ಕಪ್ಪು ಬಟ್ಟೆ ಹಿಡಿದು, ಕಿಟಕಿ ಮುಚ್ಚಿ, ಪಕ್ಕದಿಂದ ಟಾರ್ಚ್ ಬಿಡಿ. ಬೆಳಕಿನ ವ್ಯವಸ್ಥೆ ಸರಿಯಿಲ್ಲದ ಕಾರಣಕ್ಕೇ ಈ ಪ್ರಯೋಗ ಎಷ್ಟೋ ತರಗತಿಗಳಲ್ಲಿ ಸೋತುಹೋಗುತ್ತದೆ.

ನೀರು ಜಿನುಗಿದೆ ಎಂದ ಹುಡುಗನಿಗೆ ಮಾತಿನಿಂದ ಉತ್ತರ ಕೊಡಬೇಡಿ. ತಟ್ಟೆಯ ಮಂಜುಗಡ್ಡೆಗೆ ನಾಲ್ಕು ಹನಿ ನೀಲಿ ಶಾಯಿ ಬೆರೆಸಿ ಅವನ ಕೈಯಿಂದಲೇ ಪ್ರಯೋಗ ಮಾಡಿಸಿ, ತಟ್ಟೆಯ ತಳದ ಹನಿಗಳನ್ನು ಬಿಳಿ ಕಾಗದಕ್ಕೆ ಒತ್ತಿಸಿ. ಮೇಲೆ ನೀಲಿ ನೀರು, ಕೆಳಗೆ ಬಣ್ಣವಿಲ್ಲದ ಹನಿ. ಇನ್ನೊಂದು ದಾರಿ ತೂಕದ್ದು: ಮುಚ್ಚಳ ಭದ್ರವಾಗಿರುವ ಸ್ಟೀಲ್ ಡಬ್ಬಿಯಲ್ಲಿ ಮಂಜುಗಡ್ಡೆ ತುಂಬಿ, ಹೊರಮೈ ಒರೆಸಿ, ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲಿಟ್ಟು ತೂಕ ಬರೆದುಕೊಳ್ಳಿ. ಅರ್ಧ ಗಂಟೆಯ ನಂತರ ಡಬ್ಬಿಯ ಮೈ ಬೆವರಿ ತೂಕ ಒಂದೆರಡು ಗ್ರಾಂ ಏರಿರುತ್ತದೆ. ಒಳಗಿನ ನೀರು ಹೊರಗೆ ಜಿನುಗಿದ್ದರೆ ತೂಕ ಹೆಚ್ಚಾಗುತ್ತಿರಲಿಲ್ಲ. ಹೆಚ್ಚಾದದ್ದು ಗಾಳಿಯಿಂದ ಬಂದ ನೀರು.

ಹೊಗೆಯೋ ಮೋಡವೋ ಎಂಬ ಪ್ರಶ್ನೆಗೆ ಮೂರು ಭರಣಿಗಳು ಬೇಕು. ಮೊದಲನೆಯದರಲ್ಲಿ ಬಿಸಿನೀರು, ಮಂಜುಗಡ್ಡೆ, ಹೊಗೆ ಮೂರೂ ಇರಲಿ. ಎರಡನೆಯದರಲ್ಲಿ ಹೊಗೆ ಬೇಡ. ಮೂರನೆಯದು ಒಣ ಭರಣಿಯಾಗಿದ್ದು ಮಂಜುಗಡ್ಡೆ ಮತ್ತು ಹೊಗೆ ಮಾತ್ರ ಇರಲಿ. ಮೂರನೆಯ ಭರಣಿಯಲ್ಲಿ ಕಪ್ಪು ಬಟ್ಟೆಯೆದುರು ತೆಳುವಾದ, ತುಸು ನೀಲಿ ಛಾಯೆಯ ಹೊಗೆಯ ಎಳೆಗಳು ಕಾಣುತ್ತವೆ. ಮೊದಲನೆಯದರಲ್ಲಿ ಅಷ್ಟೇ ಹೊಗೆ ದಟ್ಟ ಬಿಳಿಯಾಗುತ್ತದೆ. ಹೊಗೆಯ ಕಣ ಅತಿ ಸಣ್ಣದಾದ್ದರಿಂದ ನೀಲಿ ಬೆಳಕನ್ನು ಹೆಚ್ಚು ಚದುರಿಸುತ್ತದೆ. ಅದೇ ಕಣದ ಸುತ್ತ ನೀರು ಕೂಡಿ ಹನಿ ದೊಡ್ಡದಾದಾಗ ಎಲ್ಲ ಬಣ್ಣಗಳೂ ಸಮನಾಗಿ ಚದುರಿ ಬಿಳಿಯಾಗಿ ಕಾಣುತ್ತದೆ. ಕೊನೆಗೆ ತಟ್ಟೆಯನ್ನು ತೆಗೆದುಬಿಡಿ. ಭರಣಿಯ ಬಾಯಿಂದ ಮೇಲೆದ್ದ ಮೋಡ ನೋಡನೋಡುತ್ತಲೇ ಇಲ್ಲವಾಗುತ್ತದೆ, ಏಕೆಂದರೆ ತರಗತಿಯ ಒಣ ಗಾಳಿಯಲ್ಲಿ ಹನಿಗಳು ಮತ್ತೆ ಆವಿಯಾಗುತ್ತವೆ. ಬರಿಯ ಹೊಗೆಯಾಗಿದ್ದರೆ ಅದು ಹರಡುತ್ತ ಬಹಳ ಹೊತ್ತು ತೇಲುತ್ತಿತ್ತು.

ಎರಡನೆಯ ಭರಣಿಯಲ್ಲಿಯೂ ಮಾಸಲು ಮಂಜು ಕಂಡರೆ ಪ್ರಯೋಗ ಕೆಟ್ಟಿತೆಂದು ತಿಳಿಯಬೇಡಿ. ತರಗತಿಯ ಗಾಳಿಯಲ್ಲಿಯೇ ಕಣ್ಣಿಗೆ ಕಾಣದ ಧೂಳು, ಒಲೆಯ ಹೊಗೆ ಬೇಕಾದಷ್ಟು ಇರುತ್ತವೆ.

ಉತ್ತರ 2
ನಿವೃತ್ತ ಭೌತವಿಜ್ಞಾನ ಉಪನ್ಯಾಸಕ, ಶಿವಮೊಗ್ಗ

ಆ ವಿದ್ಯಾರ್ಥಿನಿ ಈ ಪ್ರಯೋಗದ ನಿಜವಾದ ಕೊರತೆಯನ್ನೇ ಮುಟ್ಟಿದ್ದಾಳೆ. ಆಕೆಗೆ ನನ್ನ ಅಭಿನಂದನೆ ತಿಳಿಸಿ. ಮಂಜುಗಡ್ಡೆಯ ತಟ್ಟೆ ಸಾಂದ್ರೀಕರಣವನ್ನು, ಅಂದರೆ ಆವಿ ನೀರಾಗುವುದನ್ನು ತೋರಿಸುತ್ತದೆ, ಮೋಡ ಹುಟ್ಟುವ ಬಗೆಯನ್ನು ತೋರಿಸುವುದಿಲ್ಲ. ಆಕಾಶದ ಬಹುಪಾಲು ಮೋಡಗಳಲ್ಲಿ ಗಾಳಿ ತಣಿಯುವುದು ತಣ್ಣನೆಯ ವಸ್ತುವೊಂದನ್ನು ಮುಟ್ಟಿ ಅಲ್ಲ. ತಾನೇ ಮೇಲೇರಿ, ಹಿಗ್ಗಿ ತಣಿಯುತ್ತದೆ.

ಮೊದಲು ಸೂರ್ಯನ ವಿಷಯ. ಸೂರ್ಯ ನಮ್ಮಿಂದ ಸುಮಾರು 15 ಕೋಟಿ ಕಿಲೋಮೀಟರ್ ದೂರದಲ್ಲಿದ್ದಾನೆ. ಒಂದೆರಡು ಕಿಲೋಮೀಟರ್ ಮೇಲೇರಿದರೆ ಆ ದೂರದಲ್ಲಿ ಗಣನೆಗೆ ಬರುವಂಥ ವ್ಯತ್ಯಾಸವೇನೂ ಆಗದು. ಅದಕ್ಕಿಂತ ಮುಖ್ಯವಾದ ಮಾತೆಂದರೆ, ಬಿಸಿಲಿನ ಬಹುಭಾಗ ಗಾಳಿಯನ್ನು ಹಾದು ನೆಲವನ್ನು ಕಾಯಿಸುತ್ತದೆ, ಆ ನೆಲ ತನ್ನ ಮೇಲಿನ ಗಾಳಿಯನ್ನು ಕಾಯಿಸುತ್ತದೆ. ಗಾಳಿಗೆ ಒಲೆಯಿರುವುದು ಕೆಳಗೆ. ಕಾದ ಗಾಳಿ ಹಗುರಾಗಿ ಮೇಲೇಳುತ್ತದೆ, ಅಥವಾ ಬೆಟ್ಟವೊಂದು ಅಡ್ಡಬಂದು ಅದನ್ನು ಮೇಲೆ ತಳ್ಳುತ್ತದೆ. ಮೇಲೆ ಹೋದಂತೆ ಸುತ್ತಲಿನ ಒತ್ತಡ ಕಡಿಮೆಯಾಗುವುದರಿಂದ ಗಾಳಿ ಸುತ್ತಲಿನ ಗಾಳಿಯನ್ನು ಒತ್ತಿ ಸರಿಸುತ್ತ ಹಿಗ್ಗಬೇಕಾಗುತ್ತದೆ. ಹಾಗೆ ಒತ್ತುವ ಕೆಲಸಕ್ಕೆ ಬೇಕಾದ ಶಕ್ತಿಯನ್ನು ಹೊರಗಿನಿಂದ ಯಾರೂ ಕೊಡುವುದಿಲ್ಲ. ಅದು ತನ್ನದೇ ಶಾಖದಿಂದ ವ್ಯಯವಾಗುತ್ತದೆ. ಹೀಗೆ ಇನ್ನೂ ಹನಿಗಟ್ಟದ ಗಾಳಿ ಒಂದು ಕಿಲೋಮೀಟರ್ ಏರಿದರೆ ಸುಮಾರು 10 ಡಿಗ್ರಿ ತಣಿಯುತ್ತದೆ. ಹನಿಗಟ್ಟಲು ಆರಂಭವಾದ ಮೇಲೆ ಆವಿಯು ತನ್ನೊಳಗೆ ಅಡಗಿದ್ದ ಶಾಖವನ್ನು (ಗುಪ್ತೋಷ್ಣ) ಗಾಳಿಗೆ ಬಿಟ್ಟುಕೊಡುವುದರಿಂದ ತಣಿಯುವ ವೇಗ ತಗ್ಗುತ್ತದೆ.

ಮಕ್ಕಳಿಗೆ ಇದನ್ನು ಕೈಗೆ ತಾಕುವಂತೆ ತಿಳಿಸಬಹುದು. ಸೈಕಲ್ ಪಂಪು ಹೊಡೆಯುವಾಗ ಪಂಪಿನ ಬುಡ ಬಿಸಿಯಾಗುವುದು, ತುಂಬಿದ ಚಕ್ರದ ವಾಲ್ವ್ ಸಡಿಲಿಸಿದಾಗ ಬೆರಳಿಗೆ ತಣ್ಣನೆಯ ಗಾಳಿ ಹೊಡೆಯುವುದು ಹಳ್ಳಿಯ ಮಕ್ಕಳಿಗೆ ಗೊತ್ತೇ ಇರುತ್ತದೆ. ಒತ್ತಿದರೆ ಬಿಸಿ, ಬಿಟ್ಟರೆ ತಂಪು. ಇದನ್ನೇ ಮೋಡದ ಪ್ರಯೋಗವಾಗಿಸಿ. ಎರಡು ಲೀಟರಿನ ಪಾರದರ್ಶಕ ತಂಪುಪಾನೀಯದ ಪ್ಲಾಸ್ಟಿಕ್ ಬಾಟಲಿಗೆ ಎರಡು ಚಮಚ ಉಗುರುಬೆಚ್ಚಗಿನ ನೀರು ಹಾಕಿ ಚೆನ್ನಾಗಿ ಕುಲುಕಿ. ಬೆಂಕಿಕಡ್ಡಿಯೊಂದನ್ನು ಹೊತ್ತಿಸಿ ಆರಿಸಿ, ಬಾಟಲಿಯನ್ನು ತುಸು ಅದುಮಿ ಅದರ ಬಾಯಿಗೆ ಹೊಗೆಯಾಡುವ ಕಡ್ಡಿಯನ್ನು ಹಿಡಿದು ಅದುಮನ್ನು ಸಡಿಲಿಸಿದರೆ ಹೊಗೆ ಒಳಗೆ ಸೇರುತ್ತದೆ. ಮುಚ್ಚಳ ಬಿಗಿದು ಎರಡೂ ಕೈಗಳಿಂದ ಬಾಟಲಿಯನ್ನು ಬಲವಾಗಿ ಅದುಮಿ ಹಿಡಿಯಿರಿ, ಐದು ಎಣಿಸಿ ಥಟ್ಟನೆ ಬಿಡಿ. ಬಿಟ್ಟ ಕ್ಷಣ ಮೋಡ ಕಾಣಿಸುತ್ತದೆ, ಮತ್ತೆ ಅದುಮಿದರೆ ಮಾಯವಾಗುತ್ತದೆ. ಈ ಬಾಟಲಿಯಲ್ಲಿ ಮಂಜುಗಡ್ಡೆಯ ಚೂರೂ ಇಲ್ಲ. ಅದುಮು ಸಡಿಲಿದಾಗ ಒತ್ತಡ ಶೇಕಡಾ 3ರಷ್ಟು ಇಳಿದರೂ ಗಾಳಿ ಆ ಕ್ಷಣಕ್ಕೆ ಎರಡೂವರೆ ಡಿಗ್ರಿಯಷ್ಟು ತಣಿಯುತ್ತದೆ. ಅದು ಗಾಳಿಯನ್ನು ಸುಮಾರು 250 ಮೀಟರ್ ಎತ್ತರಕ್ಕೆ ಎತ್ತಿದ್ದಕ್ಕೆ ಸಮ.

ಮೋಡ ಇನ್ನೂ ದಟ್ಟವಾಗಬೇಕಿದ್ದರೆ ಮುಚ್ಚಳಕ್ಕೆ ತೂತು ಕೊರೆದು ಹಳೆಯ ಟ್ಯೂಬಿನ ವಾಲ್ವ್ ಕೂರಿಸಿ, ಪಂಪಿನಿಂದ ಗಾಳಿ ತುಂಬಿ, ಮುಚ್ಚಳವನ್ನು ಒಮ್ಮೆಲೇ ಸಡಿಲಿಸಬೇಕು. ಇದನ್ನು ಶಿಕ್ಷಕರೇ, ಕನ್ನಡಕ ಧರಿಸಿ, ಬಾಟಲಿಯ ಬಾಯನ್ನು ಮಕ್ಕಳಿಂದ ದೂರಕ್ಕೆ ತಿರುಗಿಸಿಕೊಂಡು ಮಾಡಬೇಕು. ಗಾಜಿನ ಬಾಟಲಿ ಯಾವ ಕಾರಣಕ್ಕೂ ಬೇಡ. ನೀರಿನ ಬದಲು ಸ್ಪಿರಿಟ್ ಹಾಕಿ ದಟ್ಟ ಮೋಡ ತೋರಿಸುವವರೂ ಇದ್ದಾರೆ. ಸ್ಪಿರಿಟ್ ಹೊತ್ತಿಕೊಳ್ಳುವ ವಸ್ತುವಾದ್ದರಿಂದ ಬೆಂಕಿಕಡ್ಡಿಯ ಬಳಿ ಅದು ತರವಲ್ಲ, ಮೇಲಾಗಿ ಆಕಾಶದ ಮೋಡ ನೀರಿನದು.

ಹೊಗೆ ಏಕೆ ಬೇಕೆಂಬುದನ್ನೂ ಸ್ವಲ್ಪ ವಿವರಿಸುತ್ತೇನೆ. ಆವಿಯ ಅಣುಗಳು ತಾವಾಗಿ ಕೂಡಿಕೊಂಡು ಹನಿಯಾಗಬೇಕಾದರೆ ಮೊದಲ ಹನಿ ಅತಿ ಚಿಕ್ಕದಾಗಿರುತ್ತದೆ. ಅಷ್ಟು ಬಾಗಿದ ಮೇಲ್ಮೈಯಿಂದ ಅಣುಗಳು ಬೇಗ ಹಾರಿಹೋಗುವುದರಿಂದ ಹನಿ ಉಳಿಯುವುದೇ ಇಲ್ಲ. ಕಣವೊಂದು ಮೊದಲೇ ಇದ್ದರೆ ನೀರು ಅದರ ಮೈಮೇಲೆ ಕೂತು ಆ ಅಪಾಯದ ಗಾತ್ರವನ್ನು ದಾಟಿಬಿಡುತ್ತದೆ. ಫ್ರಾನ್ಸಿನ ವಿಜ್ಞಾನಿ ಕೂಲಿಯೆ 1875ರಲ್ಲಿ, ಸ್ಕಾಟ್‌ಲೆಂಡಿನ ಜಾನ್ ಐಟ್ಕೆನ್ 1880ರಲ್ಲಿ ಇದನ್ನು ತೋರಿಸಿದರು: ಸೋಸಿ ಧೂಳು ತೆಗೆದ ಗಾಳಿಯಲ್ಲಿ ಮಂಜು ಕಟ್ಟಲಿಲ್ಲ, ಸೋಸದ ಗಾಳಿಯಲ್ಲಿ ದಟ್ಟವಾಗಿ ಕಟ್ಟಿತು. 1894ರ ಸೆಪ್ಟೆಂಬರಿನಲ್ಲಿ ಸ್ಕಾಟ್‌ಲೆಂಡಿನ ಬೆನ್ ನೆವಿಸ್ ಬೆಟ್ಟದ ತುದಿಯ ವೀಕ್ಷಣಾಲಯದಲ್ಲಿ ಕೆಲವು ವಾರ ಕೆಲಸ ಮಾಡಿದ ಸಿ.ಟಿ.ಆರ್. ವಿಲ್ಸನ್ ಎಂಬ ತರುಣ, ಮೋಡದ ಮೇಲೆ ಬಿಸಿಲು ಬಿದ್ದಾಗ ಮೂಡುವ ಬಣ್ಣದ ಬಳೆಗಳಿಗೆ ಮರುಳಾಗಿ, ಅವನ್ನು ಪ್ರಯೋಗಾಲಯದಲ್ಲಿ ಮೂಡಿಸಲೆಂದು ಗಾಳಿಯನ್ನು ಥಟ್ಟನೆ ಹಿಗ್ಗಿಸಿ ಮೋಡ ಮಾಡತೊಡಗಿದರು. ಧೂಳಿಲ್ಲದ ಗಾಳಿಯನ್ನೂ ಸಾಕಷ್ಟು ಹಿಗ್ಗಿಸಿದರೆ ವಿದ್ಯುದಾವೇಶವಿರುವ ಅಯಾನುಗಳ ಮೇಲೆ ಹನಿ ಕಟ್ಟುತ್ತದೆಂದು ಕಂಡುಕೊಂಡರು. ಅದೇ ಮುಂದೆ ಪರಮಾಣುವಿಗಿಂತ ಸಣ್ಣ ಕಣಗಳ ಜಾಡನ್ನು ತೋರಿಸುವ ಮೋಡಕೋಶವಾಗಿ, 1927ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು. ನಿಮ್ಮ ಪ್ಲಾಸ್ಟಿಕ್ ಬಾಟಲಿ ಅದೇ ಉಪಕರಣದ ಸರಳ ರೂಪ ಎಂದು ಮಕ್ಕಳಿಗೆ ಧೈರ್ಯವಾಗಿ ಹೇಳಬಹುದು.

ಕೊನೆಯದಾಗಿ ಪದದ ವಿಷಯ. ಈ ಕ್ರಿಯೆಗೆ ಘನೀಕರಣ ಎಂಬ ಪದವನ್ನೂ ಬಳಸುವುದುಂಟು. ಮಕ್ಕಳ ಕಿವಿಗೆ ಅದು ಗಟ್ಟಿಯಾಗುವುದು, ಅಂದರೆ ನೀರು ಮಂಜುಗಡ್ಡೆಯಾಗುವುದು ಎಂದೇ ಕೇಳಿಸುತ್ತದೆ. ಆವಿ ನೀರಾಗುವುದಕ್ಕೆ ಸಾಂದ್ರೀಕರಣ ಎಂಬ ಪದವನ್ನೇ ಬಳಸಿ, ಜೊತೆಗೆ ಹನಿಗಟ್ಟುವುದು ಎಂದೂ ಹೇಳಿದರೆ ಗೊಂದಲ ತಪ್ಪುತ್ತದೆ.

ಉತ್ತರ 3
ತೀರ್ಥಹಳ್ಳಿಯ ಓದುಗ

ನಾನು ಶಿಕ್ಷಕನಲ್ಲ, ಆದರೆ ಮಳೆಗಾಲದಲ್ಲಿ ಆಗುಂಬೆ ಘಾಟಿಯನ್ನು ನೂರಾರು ಬಾರಿ ಹತ್ತಿ ಇಳಿದಿದ್ದೇನೆ. ಮೇಲಿನ ಉತ್ತರವನ್ನು ಓದಿದ ಮೇಲೆ ಅಲ್ಲಿ ಕಂಡದ್ದು ಮನಸ್ಸಿಗೆ ಬಂದು ಇದನ್ನು ಬರೆಯುತ್ತಿದ್ದೇನೆ.

ಘಾಟಿಯ ಬುಡದ ಸೋಮೇಶ್ವರದಲ್ಲಿ ರಸ್ತೆ ಸ್ಪಷ್ಟವಾಗಿ ಕಾಣುತ್ತಿರುತ್ತದೆ. ತಲೆಯೆತ್ತಿದರೆ ಬೆಟ್ಟದ ಮೈಯನ್ನು ಮೋಡ ಅರ್ಧಕ್ಕೆ ಕತ್ತರಿಸಿದಂತೆ ನಿಂತಿರುತ್ತದೆ. ಕೆಲವು ತಿರುವುಗಳನ್ನು ಹತ್ತಿದ ಮೇಲೆ ಗಾಡಿಯ ಗಾಜು ತಾನಾಗಿ ಒದ್ದೆಯಾಗುತ್ತದೆ, ಹುಬ್ಬಿನ ಕೂದಲಿನ ಮೇಲೆ ಸಾಸಿವೆಗಿಂತ ಸಣ್ಣ ಹನಿಗಳು ಕೂರುತ್ತವೆ, ಹತ್ತು ಮಾರು ಮುಂದಿನ ತಡೆಗೋಡೆ ಕಾಣುವುದಿಲ್ಲ. ಕೆಳಗಿನಿಂದ ನೋಡಿದವರು ಅದನ್ನು ಮೋಡ ಎನ್ನುತ್ತಾರೆ, ಒಳಗಿದ್ದವರು ಮಂಜು ಎನ್ನುತ್ತೇವೆ, ವಸ್ತು ಒಂದೇ.

ಇದಕ್ಕೆ ಸುಲಭವಾದ ಲೆಕ್ಕವಿದೆ. ಗಾಳಿಯ ಉಷ್ಣತೆಗೂ ಇಬ್ಬನಿ ಬಿಂದುವಿಗೂ (ತಣಿಯುತ್ತಿರುವ ಗಾಳಿಯ ಆವಿ ಹನಿಗಟ್ಟಲು ಆರಂಭಿಸುವ ಉಷ್ಣತೆ) ಇರುವ ಅಂತರದ ಪ್ರತಿ ಡಿಗ್ರಿಗೆ ಸುಮಾರು 125 ಮೀಟರ್ ಎಣಿಸಿದರೆ, ಮೇಲೇರುವ ಗಾಳಿಯಲ್ಲಿ ಮೋಡದ ತಳ ಎಷ್ಟು ಎತ್ತರದಲ್ಲಿರುತ್ತದೆ ಎಂಬ ಅಂದಾಜು ಸಿಗುತ್ತದೆ. ಕರಾವಳಿಯಲ್ಲಿ ಉಷ್ಣತೆ 30 ಡಿಗ್ರಿ, ಸಾಪೇಕ್ಷ ಆರ್ದ್ರತೆ (ಆ ಉಷ್ಣತೆಯಲ್ಲಿ ಗಾಳಿ ಹಿಡಿಯಬಲ್ಲ ಆವಿಯಲ್ಲಿ ಇರುವ ಪಾಲು) ಶೇಕಡಾ 80 ಇದ್ದರೆ ಇಬ್ಬನಿ ಬಿಂದು ಸುಮಾರು 26 ಡಿಗ್ರಿ. ಅಂತರ 4, ಮೋಡದ ತಳ 500 ಮೀಟರ್. ಆಗುಂಬೆ ಇರುವುದು ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಎತ್ತರದಲ್ಲಿ. ಕಡಲ ಗಾಳಿ ಘಟ್ಟಕ್ಕೆ ಬಡಿದು ಮೇಲೇರಿದಾಗ ಊರು ಮೋಡದ ಒಳಗೇ ಇರುವುದು ಸಹಜ. ಇನ್ನು ಚಳ್ಳಕೆರೆಯ ಕಡೆ ಬೇಸಿಗೆಯ ಮಧ್ಯಾಹ್ನ 35 ಡಿಗ್ರಿ, ಆರ್ದ್ರತೆ ಶೇಕಡಾ 25 ಇದೆ ಎಂದಿಟ್ಟುಕೊಂಡರೆ ಇಬ್ಬನಿ ಬಿಂದು ಸುಮಾರು 12 ಡಿಗ್ರಿ. ಅಂತರ 23, ಮೋಡ ಕಟ್ಟಬೇಕಾದರೆ ಅಲ್ಲಿನ ನೆಲದಿಂದ ಹೆಚ್ಚುಕಡಿಮೆ 2,900 ಮೀಟರ್ ಏರಬೇಕು. ಜೊತೆಗೆ ಘಟ್ಟ ದಾಟಿ ಪೂರ್ವಕ್ಕೆ ಬಂದ ಗಾಳಿ ತನ್ನ ನೀರಿನ ದೊಡ್ಡ ಪಾಲನ್ನು ಆಗುಂಬೆಯಂಥ ಊರುಗಳಲ್ಲಿ ಸುರಿಸಿರುತ್ತದೆ, ಕೆಳಗಿಳಿಯುವಾಗ ಒತ್ತಡ ಹೆಚ್ಚಿ ಬಿಸಿಯೂ ಆಗುತ್ತದೆ. ಬಾಟಲಿಯನ್ನು ಅದುಮಿದಾಗ ಮೋಡ ಮಾಯವಾದಂತೆಯೇ ಅದು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್‌ಗೂ ಹೆಚ್ಚು ಮಳೆಯಾಗುವುದಕ್ಕೂ, ನಿಮ್ಮ ಊರು ಮಳೆನೆರಳಿನಲ್ಲಿರುವುದಕ್ಕೂ ಮಕ್ಕಳ ಕೈಯಲ್ಲಿರುವ ಆ ಬಾಟಲಿಯೇ ವಿವರಣೆ ಎಂದು ನನಗನಿಸುತ್ತದೆ.

ಮಂಜುಗಡ್ಡೆಯ ಡಬ್ಬಿಯನ್ನು ತೂಗುವಾಗಲೂ ಈ ಲೆಕ್ಕ ನೆನಪಿರಲಿ. ಮೇಲಿನ ಕರಾವಳಿಯ ಲೆಕ್ಕದಲ್ಲಿ 26 ಡಿಗ್ರಿಗಿಂತ ತುಸು ತಂಪಿರುವ ಲೋಟವೂ ಬೆವರುತ್ತದೆ. ನಿಮ್ಮಲ್ಲಿ ಲೋಟದ ಮೈ 12 ಡಿಗ್ರಿಗಿಂತ ಕೆಳಗಿಳಿಯಬೇಕು. ತೂಕ ನಿಧಾನವಾಗಿ ಏರಿದರೆ ತಕ್ಕಡಿಯ ತಪ್ಪೆಂದುಕೊಳ್ಳಬೇಡಿ.

ಉತ್ತರ 4
ಒಬ್ಬ ಪೋಷಕಿ, ಧಾರವಾಡ

ಚರ್ಚೆ ಬಹಳ ಉಪಯುಕ್ತವಾಗಿದೆ. ನನ್ನದೊಂದು ಸಂದೇಹ: ಉಬ್ಬಸವಿರುವ ಮಕ್ಕಳು ತರಗತಿಯಲ್ಲಿದ್ದಾಗ ಹೊಗೆಯನ್ನು ಬಳಸದೆ ಸೀಮೆಸುಣ್ಣದ ಪುಡಿಯಿಂದ ಈ ಪ್ರಯೋಗ ಮಾಡಲಾಗದೇ? ಇನ್ನೊಂದು ಮಾತು, ಮೋಡವೂ ನೀರೇ ಆಗಿದ್ದರೆ ಅದು ಬೀಳದೆ ತೇಲುವುದೇಕೆ ಎಂದು ನನ್ನ ಮಗ ಕೇಳುತ್ತಿದ್ದಾನೆ.

ಉತ್ತರ 5
ನಿವೃತ್ತ ಭೌತವಿಜ್ಞಾನ ಉಪನ್ಯಾಸಕ, ಶಿವಮೊಗ್ಗ

ಸೀಮೆಸುಣ್ಣದ ಪುಡಿ ಕೆಲಸಕ್ಕೆ ಬಾರದು, ತಾಯಿ. ಅದರ ಕಣಗಳು ದಪ್ಪ. ಬೇಗ ತಳಕ್ಕಿಳಿಯುತ್ತವೆ, ಸಂಖ್ಯೆಯೂ ಕಡಿಮೆ. ಬೇಕಾದದ್ದು ಬಹಳ ಸಣ್ಣ, ಬಹಳ ಹೆಚ್ಚು ಕಣಗಳು. ಒಂದೇ ಬೆಂಕಿಕಡ್ಡಿಯ ಹೊಗೆಯನ್ನು ಕಿಟಕಿಯ ಹೊರಗೆ ಬಾಟಲಿಗೆ ಸೇರಿಸಿ ಮುಚ್ಚಳ ಬಿಗಿದುಕೊಂಡು ಒಳಗೆ ತಂದರೆ ಹೊಗೆ ಮಕ್ಕಳ ಮೂಗಿಗೆ ಹೋಗುವುದಿಲ್ಲ. ಉಬ್ಬಸವಿರುವ ಮಗುವಿದ್ದರೆ ಭರಣಿಯ ಪ್ರಯೋಗಕ್ಕಿಂತ ಬಾಟಲಿಯದೇ ಮೇಲು.

ಮಗನ ಪ್ರಶ್ನೆ ಚೆನ್ನಾಗಿದೆ. ಮೋಡದ ಹನಿಗಳು ಬೀಳುತ್ತಲೇ ಇರುತ್ತವೆ, ಆದರೆ 0.02 ಮಿಲಿಮೀಟರ್ ವ್ಯಾಸದ ಹನಿ ಸೆಕೆಂಡಿಗೆ ಒಂದು ಸೆಂಟಿಮೀಟರಿನಷ್ಟು ಮಾತ್ರ ಇಳಿಯುತ್ತದೆ. ಮೇಲೇಳುವ ಗಾಳಿ ಅದಕ್ಕಿಂತ ವೇಗವಾಗಿರುವುದರಿಂದ ಹನಿಗಳನ್ನು ಎತ್ತಿ ಹಿಡಿಯುತ್ತದೆ. 2 ಮಿಲಿಮೀಟರಿನ ಒಂದು ಮಳೆಹನಿಯಾಗಲು ಅಂಥ ಹತ್ತು ಲಕ್ಷ ಹನಿಗಳು ಕೂಡಬೇಕು. ಆದ್ದರಿಂದಲೇ ಮೋಡ ಕಂಡ ದಿನವೆಲ್ಲ ಮಳೆಯಾಗುವುದಿಲ್ಲ.

ಪ್ರಶ್ನೆ ಕೇಳಿದವರಿಂದ
ವಿಜ್ಞಾನ ಶಿಕ್ಷಕಿ, ಚಳ್ಳಕೆರೆ ತಾಲ್ಲೂಕು

ಎಲ್ಲ ಹಿರಿಯರಿಗೂ ಮನಃಪೂರ್ವಕ ಧನ್ಯವಾದಗಳು. ಈ ಶುಕ್ರವಾರ ಎರಡೂ ತರಗತಿಗಳನ್ನು ಒಂದೇ ಕೋಣೆಯಲ್ಲಿ ಕೂರಿಸಿ ಎಲ್ಲವನ್ನೂ ಮಾಡಿದೆವು. ಶಾಯಿಯ ತಟ್ಟೆಯ ತಳವನ್ನು ಬಿಳಿ ಕಾಗದಕ್ಕೆ ಒತ್ತಿದ ಹುಡುಗ ಕಾಗದವನ್ನು ಬೆಳಕಿಗೆ ಹಿಡಿದು ಎರಡೂ ಬದಿ ತಿರುಗಿಸಿ ನೋಡಿ, "ಬಣ್ಣ ಇಲ್ಲ ಟೀಚರ್" ಎಂದು ಒಪ್ಪಿಕೊಂಡ. ಬಾಟಲಿಯನ್ನು ಮೊದಲು ಅದುಮಿದವಳು ಪ್ರಶ್ನೆ ಕೇಳಿದ ಹುಡುಗಿಯೇ. ಕೈ ಬಿಟ್ಟ ಕ್ಷಣ ಬಾಟಲಿಯ ಒಳಗೆ ಬಿಳಿಯಾದಾಗ ಅವಳು ಏನೂ ಹೇಳದೆ ಮತ್ತೆ ಅದುಮಿದಳು, ಬಿಟ್ಟಳು, ಮತ್ತೆ ಅದುಮಿದಳು. ಆಮೇಲೆ ತಾನಾಗಿಯೇ, "ಹಾಗಾದರೆ ಗಾಳಿಯೇ ಐಸಿನ ತಟ್ಟೆ" ಎಂದಳು.

ಬಾಟಲಿ ಕೈಯಿಂದ ಕೈಗೆ ಹೋಗುತ್ತಿದ್ದಂತೆ ಇನ್ನೊಂದನ್ನು ಮಕ್ಕಳೇ ಗಮನಿಸಿದರು. ಹದಿನೈದು ಇಪ್ಪತ್ತು ಬಾರಿ ಅದುಮಿ ಬಿಟ್ಟ ಮೇಲೆ ಮೋಡ ತೆಳುವಾಗುತ್ತ ಬಂದು ಕೊನೆಗೆ ಕಾಣಿಸದಾಯಿತು. ನೀರು ಮುಗಿದಿದೆ ಎಂದು ಕೆಲವರು ಹೇಳಿದರು, ಆದರೆ ತಳದಲ್ಲಿ ನೀರು ಹಾಗೆಯೇ ಇತ್ತು. ಹೊಗೆಯ ಕಣಗಳು ಹನಿಗಳ ಜೊತೆ ಬಾಟಲಿಯ ಮೈಗೆ ಅಂಟಿ ಮುಗಿದಿರಬೇಕೆಂದು ಏಳನೇ ತರಗತಿಯ ಇಬ್ಬರು ಊಹಿಸಿದರು. ಹೊರಗೆ ಹೋಗಿ ಇನ್ನೊಂದು ಕಡ್ಡಿಯ ಹೊಗೆಯನ್ನು ಸೇರಿಸಿ ತಂದೆವು. ಮೊದಲ ಸಲಕ್ಕೇ ಮೋಡ ಮರಳಿ ಬಂತು. ತಕ್ಕಡಿ ಸಿಕ್ಕಿಲ್ಲ, ಪಕ್ಕದ ಅಂಗಡಿಯವರು ಸೋಮವಾರ ಕೊಡುತ್ತೇನೆಂದಿದ್ದಾರೆ.